ಹಗುರ ತೋಟಾ ಕೋವಿಯ ಆಯ್ಕೆ: ಆಯುಧ ಪರವಾನಗಿ ಅರ್ಜಿದಾರರಿಗೆ ಮಾಹಿತಿ

ಬೆಳೆ ರಕ್ಷಣೆಗಾಗಿ ಅಥವಾ ಕ್ಲೇ ಶೂಟಿಂಗ್ ಕ್ರೀಡೆಗಾಗಿ ಆಯುಧ ಪರವಾನಗಿ ಕೋರುವ ಅರ್ಜಿದಾರರಲ್ಲಿ ಕೆಲವರು, ಪರವಾನಗಿ ಮಂಜೂರಾಗುವ ಮುನ್ನವೇ ಕೋವಿಯನ್ನು ಆರಿಸಿ ಮಾರಾಟಗಾರರಿಗೆ ಮುಂಗಡ ಪಾವತಿಸುವುದುಂಟು. ಆರಿಸಿದ ಕೋವಿಯು ಪರವಾನಗಿಯ ವ್ಯಾಪ್ತಿಗೆ ಬಾರದಿದ್ದಲ್ಲಿ ನಷ್ಟವು ಅರ್ಜಿದಾರರದ್ದೇ ಆಗುತ್ತದೆ. ಆದುದರಿಂದ ಈ ಕೆಳಕಂಡ ವಿಷಯಗಳನ್ನು ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ.

ಹಕ್ಕಿ ಶಿಕಾರಿಯ ಕುರಿತು

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಕಲಂ 9ರನ್ವಯ ಅನುಸೂಚಿತ ವನ್ಯಪ್ರಾಣಿ ಹಾಗೂ ಪಕ್ಷಿಗಳ ಬೇಟೆ ನಿಷಿದ್ಧ. ಬೇಟೆಯ ಯತ್ನವೂ ಬೇಟೆಯೆಂದೇ ಪರಿಗಣಿತವಾಗುತ್ತದೆ. ಕಾಡುಕೋಳಿ, ಪುರುಲೆ, ಕೆರೆಬಾತುಗಳ ಶಿಕಾರಿ ಹಿಂದಿನ ತಲೆಮಾರಿನಲ್ಲಿ ವಾಡಿಕೆಯಲ್ಲಿತ್ತೆಂಬುದು ಇಂದು ಸಮಜಾಯಿಷಿಯಾಗಲಾರದು. ಆಯುಧ ಪರವಾನಗಿಯು ಕೋವಿಯನ್ನು ಹೊಂದಲು ನೀಡಿದ ಅನುಮತಿಯೇ ಹೊರತು ಬೇಟೆಯಾಡಲು ನೀಡಿದ ಅನುಮತಿಯಲ್ಲ. ಬೆಳೆ ರಕ್ಷಣೆಗೆಂದು ಕೋವಿ ಪಡೆದ ರೈತರು ಸಹ ಬೆದರುಗುಂಡು ಹಾರಿಸಬಹುದಾಗಿದೆಯೇ ವಿನಾ, ಹೊಲಕ್ಕೆ ನುಗ್ಗಿದ ಅನುಸೂಚಿತ ಪ್ರಾಣಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಸಕ್ಷಮ ಅಧಿಕಾರಿಯ ಪ್ರತ್ಯೇಕ ಅನುಮತಿ ಅವಶ್ಯ.

ವನ್ಯಜೀವಿಧಾಮದಿಂದ 10 ಕಿ.ಮೀ. ವ್ಯಾಪ್ತಿಯೊಳಗೆ ಹೊಸ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕಾಗುತ್ತದೆ. ಮಲೆನಾಡು ಹಾಗೂ ಕೊಡಗಿನ ಅರ್ಜಿದಾರರು ಈ ಅಂಶವನ್ನು ಮೊದಲೇ ಪರಿಶೀಲಿಸಿಕೊಳ್ಳುವುದು ಒಳಿತು. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಆಯುಧ ಕಾಯ್ದೆಯಡಿ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಲಾಗಿದೆ. ಕೈಲ್ ಪೊಳ್ದ್ ಹಬ್ಬದ ಆಯುಧ ಪೂಜೆಯೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ಮುಂದುವರಿಯುತ್ತಿವೆ. ಆದರೆ ಈ ವಿನಾಯಿತಿಯು ವನ್ಯಜೀವಿ ಕಾಯ್ದೆಯಿಂದ ನೀಡಿದ ವಿನಾಯಿತಿಯಲ್ಲ.

ಅರೆ ಸ್ವಯಂಚಾಲಿತ ಕೋವಿ

ಅರೆ ಸ್ವಯಂಚಾಲಿತ ಕೋವಿಯಲ್ಲಿ ಒಂದು ತೋಟಾ ಸಿಡಿದ ಬಲದಿಂದಲೇ ಖಾಲಿ ತೋಟಾ ಹೊರಬಿದ್ದು ಮುಂದಿನದು ನಳಿಗೆಗೆ ಸೇರುತ್ತದೆ. ಈ ಕೆಲಸವನ್ನು ಕೆಲವು ಮಾದರಿಗಳಲ್ಲಿ ನಳಿಗೆಯಿಂದ ಬರುವ ಅನಿಲವೂ, ಇನ್ನು ಕೆಲವುಗಳಲ್ಲಿ ಕೋವಿ ಹಿಮ್ಮೆಟ್ಟುವ ಚಲನೆಯೂ ನಿರ್ವಹಿಸುತ್ತವೆ. ಅನಿಲದ ಮಾದರಿಯಲ್ಲಿ ಭುಜಕ್ಕೆ ತಗಲುವ ಒದೆತ ಮೃದುವಾಗಿರುತ್ತದೆಯಾದರೂ ಮಸಿ ಕಟ್ಟುವುದರಿಂದ ಆಗಾಗ್ಗೆ ಶುಚಿಗೊಳಿಸಬೇಕಾಗುತ್ತದೆ. ಎರಡನೆಯದು ಹಗುರವೂ ಶುಚಿಯೂ ಆಗಿದ್ದು ಒದೆತ ತುಸು ಹೆಚ್ಚು. ವಿದೇಶಗಳಲ್ಲಿ ಈ ಕೋವಿಗಳು ಜನಪ್ರಿಯವಾಗಿರುವುದನ್ನು ಕಂಡು ಇಲ್ಲಿಯೂ ಅರ್ಜಿದಾರರು ಇವನ್ನು ಅಪೇಕ್ಷಿಸುವುದು ಸಹಜ.

ಆದರೆ ಆಯುಧ ನಿಯಮಗಳು, 2016ರ ಅನುಸೂಚಿಯಲ್ಲಿ ಪಿಸ್ತೂಲುಗಳಂತಹ ಕೆಲವನ್ನು ಹೊರತುಪಡಿಸಿ ಅರೆ ಸ್ವಯಂಚಾಲಿತ ಆಯುಧಗಳನ್ನು ನಿರ್ಬಂಧಿತ ವರ್ಗದಲ್ಲಿ ಇರಿಸಲಾಗಿದೆ. ಇವುಗಳಿಗೆ ಪರವಾನಗಿ ನೀಡುವ ಪ್ರಾಧಿಕಾರ ಕೇಂದ್ರ ಗೃಹ ಮಂತ್ರಾಲಯವೇ ಹೊರತು ಜಿಲ್ಲಾ ದಂಡಾಧಿಕಾರಿಗಳಾಗಲೀ ಪೊಲೀಸ್ ಆಯುಕ್ತರಾಗಲೀ ಅಲ್ಲ. ಜಿಲ್ಲಾ ಮಟ್ಟದಲ್ಲಿ ಸಾಮಾನ್ಯವಾಗಿ ದೊರೆಯುವುದು 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ನುಣುಪು ನಳಿಗೆಯ ಒಂಟಿನಳಿಗೆ ಅಥವಾ ಜೋಡಿನಳಿಗೆ ಕೋವಿಯ ಪರವಾನಗಿ. ಬೆಳೆ ರಕ್ಷಣೆಯ ಕಾರಣಕ್ಕೆ ಕಾಯ್ದೆಯು ಮೊದಲು ಕೇಪಿನ ಕೋವಿಯನ್ನೇ ಉದ್ದೇಶಿಸಿದ್ದು, ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ತೋಟಾ ಕೋವಿಗೆ ಅವಕಾಶವಿದೆ. ಸಾಲದಿರುವುದಕ್ಕೆ ಕಾರಣವನ್ನು ಅರ್ಜಿಯಲ್ಲಿಯೇ ಬರೆಯತಕ್ಕದ್ದು.

ಅರೆ ಸ್ವಯಂಚಾಲಿತ ಕೋವಿಗೆ ಬದಲಾಗಿ ಕೈಯಿಂದ ಹಿಂದೆಮುಂದೆ ಎಳೆಯುವ ಪಂಪ್ ಆಕ್ಷನ್ ಕೋವಿಯನ್ನು ಖರೀದಿಸುವವರಿಗೆ ಒಂದು ಎಚ್ಚರಿಕೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಗಳಲ್ಲಿ ಟ್ರ್ಯಾಪ್ ಹಾಗೂ ಸ್ಕೀಟ್ ಸ್ಪರ್ಧೆಗಳಿಗೆ ಪಂಪ್ ಆಕ್ಷನ್ ನಿಷಿದ್ಧ. ಸ್ಪರ್ಧೆಯ ಉದ್ದೇಶವುಳ್ಳವರಿಗೆ ಜೋಡಿನಳಿಗೆ, ವಿಶೇಷವಾಗಿ ನಳಿಗೆಗಳು ಮೇಲೆ ಕೆಳಗೆ ಜೋಡಣೆಗೊಂಡ ಕೋವಿಯೇ ಸೂಕ್ತ.

ಹಗುರವೆಂದರೆ ಎಷ್ಟು?

ಒಂದೇ ಬಗೆಯ ತೋಟಾ ಬಳಸಿದಾಗ ಕೋವಿ ಹಗುರವಾದಷ್ಟೂ ಒದೆತ ಹೆಚ್ಚು. 3.5 ಕೆ.ಜಿ. ಕೋವಿಗೆ ಹೋಲಿಸಿದರೆ 2.8 ಕೆ.ಜಿ. ಕೋವಿಯ ಒದೆತದ ಶಕ್ತಿ ಶೇ. 25ರಷ್ಟು ಅಧಿಕ. ತೋಟದ ಗಸ್ತಿಗೆ ಇಡೀ ರಾತ್ರಿ ಹೆಗಲ ಮೇಲೆ ಹೊತ್ತು ಒಂದೆರಡು ಗುಂಡು ಹಾರಿಸುವವರಿಗೆ ಹಗುರ ಕೋವಿ ಹಿತಕರ. ಕ್ರೀಡೆಯ ಲೆಕ್ಕ ಬೇರೆ. ಟ್ರ್ಯಾಪ್‌ನ ಒಂದು ಸುತ್ತಿಗೆ 25 ಗುರಿಗಳು. ಅರ್ಹತಾ ಸುತ್ತುಗಳಲ್ಲಿ ಒಟ್ಟು 125. ದಿನದ ಕೊನೆಗೆ ಭುಜ ನೊಂದವರು ಟ್ರಿಗರ್ ಒತ್ತುವ ಮೊದಲೇ ಅರಿವಿಲ್ಲದೆ ಅಳುಕುವರು, ಗುರಿ ತಪ್ಪುವುದು. ಅಲ್ಲದೆ ತೀರ ಹಗುರವಾದ ಕೋವಿಯು ಹಾರುವ ಗುರಿಯನ್ನು ಹಿಂಬಾಲಿಸುವಾಗ ನಡುವೆಯೇ ನಿಂತುಬಿಡುತ್ತದೆ. ತಕ್ಕಮಟ್ಟಿನ ಭಾರವಿದ್ದರೆ ಅದರ ಓಟ ಸಮನಾಗಿರುತ್ತದೆ. ಸ್ಪರ್ಧೆಯ ತೋಟಾದಲ್ಲಿ ಚರೆಯ ತೂಕ 24 ಗ್ರಾಂ ಮಾತ್ರ. ಅಭ್ಯಾಸಕ್ಕೂ ಇದನ್ನೇ ಬಳಸುವುದು ಭುಜಕ್ಕೂ ಜೇಬಿಗೂ ಅನುಕೂಲ.

ತೂಕಕ್ಕಿಂತಲೂ ಮುಖ್ಯವಾದುದು ಹಿಡಿಯ ಅಳತೆ. ಚರೆ ಕೋವಿಯಲ್ಲಿ ಹಿಂದಿನ ಗುರಿಕಣ್ಣು ಇರುವುದಿಲ್ಲ; ಹಾರಿಸುವವರ ಕಣ್ಣೇ ಆ ಕೆಲಸ ಮಾಡುತ್ತದೆ. ಹಿಡಿ ಉದ್ದವಾದರೆ ಭುಜಕ್ಕೇರಿಸುವಾಗ ಅಂಗಿಗೆ ತೊಡರುವುದು, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುವುದು. ಪರವಾನಗಿ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಾಗಿ, ಅಲ್ಲಿನ ಕೋವಿಗಳಿಂದ ಕೆಲವು ತಿಂಗಳು ಅಭ್ಯಾಸ ಮಾಡಿ ಅನಂತರ ಖರೀದಿಸುವವರು ಸಾಮಾನ್ಯವಾಗಿ ಪಶ್ಚಾತ್ತಾಪ ಪಡುವುದಿಲ್ಲ.

ಹಳೆಯ ಕೋವಿಗಳು

ತಂದೆ ಅಥವಾ ಅಜ್ಜನ ಕಾಲದ ಇಂಗ್ಲಿಷ್ ಜೋಡಿನಳಿಗೆಗಳು ಹಗುರವೂ ಸೊಗಸೂ ಆಗಿರುತ್ತವೆ. ಆದರೆ ಅವುಗಳಲ್ಲಿ ಹಲವು 65 ಮಿ.ಮೀ. ತೋಟಾಗೆಂದು ತಯಾರಾದವು. ಇಂದು ಹೆಚ್ಚಾಗಿ ಮಾರಾಟವಾಗುವ 70 ಮಿ.ಮೀ. ತೋಟಾ ಅದರೊಳಗೆ ಕೂರುತ್ತದೆ. ಸಿಡಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒತ್ತಡ ಏರುತ್ತದೆ. ಅನುಭವಿ ಕೋವಿ ದುರಸ್ತಿಗಾರರಿಂದ ಅಳತೆ ಮಾಡಿಸದೆ ಇಂತಹ ಕೋವಿಗೆ ತೋಟಾ ತುಂಬಲೇಬಾರದು. 12ರ ಕೋವಿ ಇರುವ ಮನೆಯಲ್ಲಿ 20ರ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡುವುದೂ ಅಪಾಯಕರ. ಚಿಕ್ಕ ತೋಟಾ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡು, ಅದರ ಹಿಂದೆ ಇನ್ನೊಂದು ತುಂಬಿದರೆ ನಳಿಗೆ ಒಡೆಯುವುದು.

2019ರ ತಿದ್ದುಪಡಿಯಂತೆ ಒಬ್ಬರು ಹೊಂದಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಲಾಗಿದ್ದು, ಪಿತ್ರಾರ್ಜಿತ ಕೋವಿಯೂ ಇದರಲ್ಲಿ ಸೇರುತ್ತದೆ. ಹಗುರಗೊಳಿಸಲೆಂದು ನಳಿಗೆಯನ್ನು ಕತ್ತರಿಸುವುದು ಆಯುಧ ಕಾಯ್ದೆಯ ಕಲಂ 6ರಡಿ ನಿಷಿದ್ಧ.

ಪರವಾನಗಿಗೆ ಕನಿಷ್ಠ ವಯಸ್ಸು 21 ವರ್ಷ. ಸಾಕಷ್ಟು ಆಸ್ತಿ ಇಲ್ಲವೆಂಬ ಕಾರಣ ಮಾತ್ರದಿಂದ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸತಕ್ಕದ್ದು. ಸಾರ್ವಜನಿಕ ಹಿತಾಸಕ್ತಿಗೆ ಬಾಧಕವಲ್ಲದ ಸಂದರ್ಭದಲ್ಲಿ ಅರ್ಜಿದಾರರು ಅವನ್ನು ಕೇಳಿ ಪಡೆಯಬಹುದು ಹಾಗೂ ಕಲಂ 18ರಡಿ ಮೇಲ್ಮನವಿ ಸಲ್ಲಿಸಬಹುದು.