ಹೊಲ ಮಾರುವ ಮುನ್ನ ಒಂದು ಮಾತು

ಮೊನ್ನೆ ಕಾರ್ಯಕ್ರಮ ಮುಗಿಸಿ ಹೊರಗೆ ಬರುತ್ತಿದ್ದೆ. ಸೇಡಂ ಕಡೆಯ ರೈತರೊಬ್ಬರ ಫೋನ್ ಬಂತು. "ಮಗ ಪಿಯುಸಿ ಸೈನ್ಸ್ ಮುಗಿಸ್ಯಾನ್ರಿ. ಬೆಂಗಳೂರಾಗ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟ್ ಕೊಡಸ್ಬೇಕಂತ ಮಾಡೀನಿ. ಎರಡು ಎಕರೆ ತೊಗರಿ ಹೊಲ ಮಾರಬೇಕಾಗ್ತದ. ಮಾರ್ಲೇನ್ರಿ?"

ನಾನಂದೆ, "ಯಜಮಾನ್ರೇ, ಸ್ವಲ್ಪ ತಡೀರಿ."

ಇದು ಅವರೊಬ್ಬರ ಪ್ರಶ್ನೆ ಅಲ್ಲ. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಗೆ ಹೋಗುವ ಅಪ್ಪ, ಶಹಾಬಾದ್‌ನಲ್ಲಿ ಕಲ್ಲಿನ ಗಣಿ ನಂಬಿದ ಅಪ್ಪ, ಚಿತ್ತಾಪುರ, ಚಿಂಚೋಳಿಯಲ್ಲಿ ತೊಗರಿ ಬೆಳೆಯುವ ಅಪ್ಪ, ಎಲ್ಲರದೂ ಇದೇ ಪ್ರಶ್ನೆ. ಐಟಿ ಕೆಲಸ ಅಂದ್ರೆ ಬೆಂಗಳೂರು, ಬೆಂಗಳೂರು ಅಂದ್ರೆ ದುಡ್ಡು ಕಟ್ಟಿದ ಸೀಟು ಅನ್ನೋ ನಂಬಿಕೆ. ಇದು ಪೂರ್ತಿ ನಿಜವಲ್ಲ.

ದಾರಿ ಮೂರಿವೆ. ಒಂದು, ನಾಲ್ಕು ವರ್ಷದ ಬಿಇ. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು, ಸಿಇಟಿ ಬರೆಯಬೇಕು. ಎರಡು, ಮೂರು ವರ್ಷದ ಬಿಸಿಎ. ಖರ್ಚು ಕಡಿಮೆ, ಆಮೇಲೆ ಎರಡು ವರ್ಷ ಎಂಸಿಎ ಮಾಡಬಹುದು. ಮೂರು, ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ. ಅದನ್ನು ಮುಗಿಸಿ ಡಿಸಿಇಟಿ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು.

ಬಿಇಗೆ ಅವಕಾಶ ಹೆಚ್ಚು, ಶುರುವಿನ ಸಂಬಳವೂ ಸಾಮಾನ್ಯವಾಗಿ ಹೆಚ್ಚು. ಅದನ್ನು ಮುಚ್ಚಿಡೋದಿಲ್ಲ. ಆದರೆ ಬಿಸಿಎ ಓದಿದವರಿಗೆ ಬಾಗಿಲು ಮುಚ್ಚಿಲ್ಲ. ವಿಪ್ರೋ ಬಿಸಿಎ, ಬಿಎಸ್ಸಿ ಪದವೀಧರರನ್ನು ಕೆಲಸಕ್ಕೆ ತಗೊಂಡು, ಕೆಲಸದ ಜೊತೆಗೇ ಎಂ.ಟೆಕ್ ಓದಿಸುವ ಯೋಜನೆಯನ್ನೇ ನಡೆಸಿಕೊಂಡು ಬಂದಿದೆ.

ಈಗ ಮುಖ್ಯ ವಿಷಯ. ಸಂವಿಧಾನದ 371ಜೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲಿಟ್ಟಿದೆ. ಈ ಹಕ್ಕಿಗೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ನಮೂದಿಸಬೇಕು. ಒಂದು ಕಾಗದ ಇಲ್ಲದ್ದಕ್ಕೆ ಹೊಲ ಹೋಗಬಾರದು, ಅಲ್ವಾ? ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ನಿಮ್ಮೂರಿನಿಂದ ಬಸ್ಸಿಗೆ ಹೋಗಿ ಬರುವ ದೂರ.

ಕಂಪ್ಯೂಟರ್ ಸೈನ್ಸೇ ಸಿಗಬೇಕು ಅನ್ನೋ ಹಟವೂ ಬೇಡ. ಎಲೆಕ್ಟ್ರಾನಿಕ್ಸ್ ಓದಿದ ಎಷ್ಟೋ ಜನ ಇವತ್ತು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಕ್ಯಾಂಪಸ್ಸಿಗೆ ಬರುವ ಅನೇಕ ಕಂಪನಿಗಳು ಮೊದಲು ನೋಡೋದು ಹತ್ತನೇ ತರಗತಿಯಿಂದ ಶೇ. 60 ಅಂಕ ಇದೆಯಾ, ಯಾವುದಾದರೂ ವಿಷಯ ಬಾಕಿ ಇದೆಯಾ ಅಂತ. ಆಮೇಲೆ ಪರೀಕ್ಷೆ, ಪ್ರೋಗ್ರಾಂ ಬರೆಸುವುದು, ಇಂಗ್ಲಿಷಿನಲ್ಲಿ ನಾಲ್ಕು ಮಾತು. ಇದ್ಯಾವುದೂ ಮ್ಯಾನೇಜ್‌ಮೆಂಟ್ ಸೀಟಿನ ಜೊತೆ ಬರೋದಿಲ್ಲ. ಐಐಟಿ ಪ್ರಾಧ್ಯಾಪಕರ ಪಾಠ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮೊಬೈಲ್ ಇದ್ದರೆ ಚಿಂಚೋಳಿಯಲ್ಲೇ ಕೂತು ಕೇಳಬಹುದು.

ಇನ್ನೊಂದು ಮಾತು. ಬರೀ ಕೋಡ್ ಬರೆಯುವ ಸಣ್ಣಪುಟ್ಟ ಕೆಲಸವನ್ನು ಈಗ ಎಐ ಮಾಡೋಕೆ ಶುರು ಮಾಡಿದೆ. ಗಣಿತ, ತರ್ಕ ಗಟ್ಟಿ ಇದ್ದವರು ಉಳಿಯುತ್ತಾರೆ. ಹುಡುಗನಿಗೆ ಗಣಿತ ಅಂದ್ರೆ ಜ್ವರ ಬರುತ್ತೆ ಅಂದರೆ, ಹೊಲ ಮಾರಿ ಸೀಟು ಕೊಡಿಸಿದರೂ ನಾಲ್ಕು ವರ್ಷ ಅವನಿಗೂ ಶಿಕ್ಷೆ, ನಿಮಗೂ ಶಿಕ್ಷೆ.

ಕೊನೆಗೆ ನಾನು ಕೇಳಿದೆ, "ಮಗನಿಗೆ ಗಣಿತ ಇಷ್ಟಾನಾ?"

ಆ ಕಡೆ ಸ್ವಲ್ಪ ಹೊತ್ತು ಮೌನ. "ಅದೊಂದು ಕೇಳೇ ಇಲ್ರಿ. ಇವತ್ತ ಕೇಳ್ತೀನಿ" ಅಂದರು.

ನೀವೂ ಕೇಳಿ. ಬ್ರೋಕರ್‌ಗೆ ಫೋನ್ ಮಾಡುವ ಮುಂಚೆ ಮಗನ್ನ ಕೇಳಿ, ಮಗಳನ್ನ ಕೇಳಿ.