ವಿಚಾರವಂತಿಕೆ ಎಂದರೆ ಲೆಕ್ಕ ಹಾಕುತ್ತ ಕೂರುವುದಲ್ಲ

ತಪ್ಪು ಕಲ್ಪನೆ: ಎಲ್ಲ ಮಾಹಿತಿ ಕೈಗೆ ಬಂದ ಮೇಲೆ ತೀರ್ಮಾನಿಸುವುದೇ ವಿವೇಕ.

ವಾಸ್ತವ: ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹುಡುಕಿದವರನ್ನು ಕೇಳಿ. 'ಟು ಲೆಟ್' ಬೋರ್ಡು ತೂಗುಹಾಕಿದ ಮನೆಗಳನ್ನೆಲ್ಲ ನೋಡಿ ಅಳೆದು ತೂಗುವಷ್ಟರಲ್ಲಿ, ಬೆಳಿಗ್ಗೆ ಮೆಚ್ಚಿದ ಮನೆಗೆ ಇನ್ಯಾರೋ ಅಡ್ವಾನ್ಸ್ ಕೊಟ್ಟಿರುತ್ತಾರೆ. ಬಾಡಿಗೆ ಕೈಗೆಟುಕಬೇಕು, ನೀರಿಗೆ ತೊಂದರೆ ಇರಬಾರದು, ಬಸ್‌ ಸ್ಟಾಪ್ ಹತ್ತಿರವಿರಬೇಕು. ಇವು ಕೂಡಿಬಂದ ಮೊದಲ ಮನೆಗೆ ಒಪ್ಪಿಕೊಂಡವರು ದಡ್ಡರಲ್ಲ. ಮನುಷ್ಯನ ಸಮಯಕ್ಕೂ ಲೆಕ್ಕ ಹಾಕುವ ಶಕ್ತಿಗೂ ಮಿತಿಯಿದೆ. 'ಇಷ್ಟಾದರೆ ಸಾಕು' ಎಂದು ಗೊತ್ತುಮಾಡಿಕೊಂಡು ಆರಿಸುವುದೂ ವಿವೇಕವೇ ಎಂದು ಅಮೆರಿಕದ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ವಾದಿಸಿದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ತಪ್ಪು ಕಲ್ಪನೆ: ಅರಿವನ್ನು ಬಳಕೆಯಲ್ಲಿ ಒರೆಗೆ ಹಚ್ಚುವುದು ಪಶ್ಚಿಮದ ಸರಕು.

ವಾಸ್ತವ: ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ? ಹತ್ತಿರ ಹೋಗಿ ಕುಡಿದಾಗ ಬಾಯಾರಿಕೆ ತೀರಿದರೆ ಮೊದಲು ಕಂಡದ್ದು ಸರಿ. ಅರಿವಿನ ಸಾಚಾತನವನ್ನು ಕ್ರಿಯೆಯ ಸಫಲತೆಯಿಂದ ತಿಳಿಯಬಹುದೆಂಬ ಈ ಮಾತು ನ್ಯಾಯಸೂತ್ರಗಳಿಗೆ ವಾತ್ಸ್ಯಾಯನ ಬರೆದ ನ್ಯಾಯಭಾಷ್ಯದ ಆರಂಭದಲ್ಲೇ ಇದೆ.

ತಪ್ಪು ಕಲ್ಪನೆ: ವಿಚಾರವಾದಿಗಳಿಗೆ ರಸವಿಲ್ಲ.

ವಾಸ್ತವ: ಜಯನಗರದ ನ್ಯಾಷನಲ್ ಕಾಲೇಜಿನ ಆವರಣದಲ್ಲಿರುವ ಕಲಾಕ್ಷೇತ್ರಕ್ಕೆ ವಿಚಾರವಾದಿ ಎಚ್. ನರಸಿಂಹಯ್ಯನವರದೇ (ಎಚ್.ಎನ್.) ಹೆಸರು. ಇಷ್ಟು ಸಾಕು.

ತಪ್ಪು ಕಲ್ಪನೆ: ಲಾಭ ತಂದದ್ದೆಲ್ಲ ಸತ್ಯ ಎನ್ನುವುದೇ ಪ್ರಯೋಜನವಾದ (ಪ್ರಾಗ್ಮ್ಯಾಟಿಸಂ).

ವಾಸ್ತವ: ಈ ಅಪವಾದಕ್ಕೆ ಪ್ರಯೋಜನವಾದಿ ದಾರ್ಶನಿಕ ವಿಲಿಯಂ ಜೇಮ್ಸ್ ಅವರ ಸಡಿಲ ಮಾತೂ ಸ್ವಲ್ಪ ಕಾರಣ ಎನ್ನಿ. ಆದರೆ ಅವರಿಗಿಂತ ಮೊದಲು, 1878ರಲ್ಲಿ, ಈ ವಾದಕ್ಕೆ ನಾಂದಿ ಹಾಡಿದ ಚಾರ್ಲ್ಸ್ ಪರ್ಸ್ ಕೇಳಿದ್ದು ಬೇರೆ: ಈ ಮಾತು ನಿಜವಾದರೆ ನಮ್ಮ ಅನುಭವಕ್ಕೆ ಬರುವ ವ್ಯತ್ಯಾಸವೇನು? ಭೌತವಿಜ್ಞಾನದ ಮೇಷ್ಟ್ರಾಗಿದ್ದ ಎಚ್.ಎನ್. ನಡೆದದ್ದೂ ಇದೇ ಜಾಡಿನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪವಾಡ ಸುಳ್ಳೆಂದು ಕೂತಲ್ಲೇ ತೀರ್ಪು ಕೊಡಲಿಲ್ಲ. ನಮ್ಮ ಕಣ್ಣೆದುರು, ನಮ್ಮ ಷರತ್ತಿನಲ್ಲಿ ಮಾಡಿ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಬೈಗುಳ ಮಾತ್ರ ಸಾಕಷ್ಟು ಬಂತು.

ವಾಸ್ತು ನೋಡಿ ಬಾಗಿಲು ತಿರುಗಿಸಿದ ಮೇಲೆ ನೆಮ್ಮದಿಯಾಯಿತು, ವ್ಯಾಪಾರವೂ ಕುದುರಿತು ಎನ್ನುವವರು ಬನಶಂಕರಿ, ಜೆ.ಪಿ. ನಗರಗಳಲ್ಲೂ ಸಿಗುತ್ತಾರೆ. ನೆಮ್ಮದಿ ನಿಜವೇ ಇರಬಹುದು. ವ್ಯಾಪಾರ ಕುದುರಿದ್ದು ಬಾಗಿಲಿನಿಂದ ಎನ್ನುವುದು ಬೇರೆ ಮಾತು, ಅದಕ್ಕೆ ಬೇರೆ ಪುರಾವೆ ಬೇಕು. ಗೋಡೆ ಒಡೆಸುವ ಮುನ್ನ ವಾಸ್ತುವಿನವರನ್ನು ಇಷ್ಟು ಕೇಳಿ: ಏನು ನಡೆಯದಿದ್ದರೆ ನಿಮ್ಮ ಮಾತು ತಪ್ಪೆಂದು ಒಪ್ಪುತ್ತೀರಿ, ಸ್ವಾಮಿ?