ಮಂಗಳೂರಿನ ಪುಸ್ತಕ, ಅಕ್ರಾನಿನ ಹುಳ, ಭಾಂಡುಪ್‌ನ ಗಾಳ

1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪುಸ್ತಕ ಭಂಡಾರದಿಂದ ಒಂದು ಇಂಗ್ಲಿಷ್ ಪುಸ್ತಕ ಹೊರಬಂತು. ಧರ್ಮಬೋಧೆಯಲ್ಲ, ವ್ಯಾಕರಣವಲ್ಲ, ಶಾಲೆಯ ಪಠ್ಯವೂ ಅಲ್ಲ. ಗಾಳ ಹಾಕಿ ಮೀನು ಹಿಡಿಯುವುದು ಹೇಗೆ ಎಂಬುದೇ ಅದರ ವಿಷಯ. ‘ದಿ ರಾಡ್ ಇನ್ ಇಂಡಿಯಾ’ ಎಂಬ ಆ ಪುಸ್ತಕವನ್ನು ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಕಿಟೆಲರ ನಿಘಂಟು ಅದೇ ಭಂಡಾರದಿಂದ ಬರಲು ಇನ್ನೂ 21 ವರ್ಷ ಬಾಕಿಯಿತ್ತು. ನಿಘಂಟನ್ನು ಕನ್ನಡಿಗರು ತಲೆಯ ಮೇಲೆ ಹೊತ್ತರು. ಗಾಳದ ಪುಸ್ತಕವನ್ನು ಮಂಗಳೂರೂ ಮರೆಯಿತು.

ಅದನ್ನು ಈಗ ನೆನೆಯಬೇಕಾಗಿ ಬಂದಿರುವುದು ಮುಂಬೈನ ಭಾಂಡುಪ್‌ನಿಂದ. ಈ ಉಪನಗರದ ಪಶ್ಚಿಮಕ್ಕೆ ಗುಡ್ಡ, ಗುಡ್ಡದಾಚೆ ವಿಹಾರ್ ಕೆರೆ, ಅದರ ಕೆಳಗೆ ಪೊವಾಯಿ. ಪೂರ್ವಕ್ಕೆ ಉಪ್ಪಿನ ಗದ್ದೆ, ಕಾಂಡ್ಲಾ ಕಾಡು, ಆಮೇಲೆ ಠಾಣೆಯ ಖಾಡಿ ಎಂಬ ಉಪ್ಪುನೀರಿನ ಕವಲು. ಮಂಗಳೂರು, ಉಡುಪಿ ಕಡೆಯ ಮನೆತನಗಳು ಇಲ್ಲಿ ಬೇರೂರಿ ಎಷ್ಟೋ ಕಾಲವಾಯಿತು. ಊರ ಹೊಳೆಯಲ್ಲಿ ಎರೆಹುಳ ಚುಚ್ಚಿ ಕೂತವರ ಮೊಮ್ಮಕ್ಕಳ ಕಾಲಕ್ಕೆ ಬೇರೆಯೇ ಒಂದು ಹುಳ ಬಂದಿದೆ. ಬೆರಳುದ್ದದ, ಮೆತ್ತಗಿನ, ಒಳಗೆ ಮಿನುಗುಪುಡಿ ಬೆರೆಸಿದ ಪ್ಲಾಸ್ಟಿಕ್ ಹುಳ. ಪೊಟ್ಟಣ ಬಿಚ್ಚಿದರೆ ಕೈಗೆ ಎಣ್ಣೆಯ ಜಿಡ್ಡು, ಮೂಗಿಗೆ ಕೆಲವೊಮ್ಮೆ ಸೋಂಪಿನ ವಾಸನೆ. ಬಾಲದ ತುದಿ ಅಗಲವಾಗಿ ಅಡ್ಡಕ್ಕೆ ತಿರುಗಿದ್ದು, ರೀಲು ಸುತ್ತಿದಾಗ ನೀರಿನಲ್ಲಿ ತಾನಾಗಿ ಅಲ್ಲಾಡುತ್ತದೆ.

ಇದು ಅಮೆರಿಕದ ಜಾಣತನ ಎಂದು ಕೊಂಡಾಡುವವರಿದ್ದಾರೆ. ಅದು ಅರ್ಧ ಸತ್ಯ. ಮೀನಿಗೆ ಒಡ್ಡುವ ಎರೆ ಯಾವತ್ತೂ ಆಯಾ ಊರಲ್ಲಿ ಕೈಗೆ ಸಿಗುವ ವಸ್ತುವಿನಿಂದಲೇ ಹುಟ್ಟಿದೆ. ಕಾವೇರಿ ಕಣಿವೆಯಲ್ಲಿ ರಾಗಿಯಿಂದ, ಅಮೆರಿಕದ ರಬ್ಬರ್ ಪಟ್ಟಣದಲ್ಲಿ ರಬ್ಬರಿನ ತಮ್ಮನಿಂದ.

ಥಾಮಸ್ ಸಾಹೇಬರು ಕಚೇರಿಯ ಕಡತಕ್ಕೂ ಗಾಳಕ್ಕೂ ನಡುವೆ ಗೋಡೆ ಕಟ್ಟಿಕೊಂಡವರಲ್ಲ. ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಅವರ ವರದಿ 1870ರಲ್ಲೇ ಬಂದಿತ್ತು. ಘಟ್ಟದ ಬುಡದ ಹೊಳೆಗಳಿಗೆ ವಿಷ ಬೆರೆಸುವುದು, ಸಣ್ಣ ಕಣ್ಣಿನ ಬಲೆಯಲ್ಲಿ, ಬಿದಿರ ಕೂಳಿಯಲ್ಲಿ ಮರಿಗಳನ್ನು ಮೊಗೆಮೊಗೆದು ಒಯ್ಯುವುದು ಅವರ ಹೊಟ್ಟೆ ಉರಿಸುತ್ತಿತ್ತು. ಮರಿ ಉಳಿಯದೆ ಮೀನು ಎಲ್ಲಿಂದ ಬರಬೇಕು ಎಂಬುದು ಅವರ ತಕರಾರು. ಅದರ ಹಿಂದೆ ಸರ್ಕಾರದ ಆದಾಯದ ಲೆಕ್ಕವಿತ್ತು, ಬಡವರ ಊಟದ ಲೆಕ್ಕವೂ ಇತ್ತು. ತಮ್ಮ ಗಾಳಕ್ಕೆ ಮೀನು ಸಾಲದೆ ಹೋದೀತೆಂಬ ಸ್ವಾರ್ಥ ಇರಲಿಲ್ಲ ಎನ್ನಲಾಗದು. ವಿಷ ಮತ್ತು ಸಿಡಿಮದ್ದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕಾ ಕಾಯ್ದೆ ಬಂದದ್ದು 1897ರಲ್ಲಿ. ಪುಸ್ತಕದ ಮೂರನೆಯ ಆವೃತ್ತಿ ಬಂದದ್ದೂ ಅದೇ ವರ್ಷ.

ಕಾಯ್ದೆ ಬಂದು ಸುಮಾರು ನೂರು ವರ್ಷವಾದ ಮೇಲೆ, 1996ರಲ್ಲಿ, ಅದೇ ಜಿಲ್ಲೆಯ ಶಿಶಿಲದ ದೇವಸ್ಥಾನದ ಮುಂದೆ, ಕಪಿಲೆಯಲ್ಲಿ ಭಕ್ತರ ಕೈತುತ್ತು ತಿಂದು ಬೆಳೆದ ಪೆರುವೊಳು ಮೀನುಗಳಿಗೆ ಕಿಡಿಗೇಡಿಗಳು ವಿಷ ಹಾಕಿ ಕೊಂದರು. ಥಾಮಸರ ದೂರಿನ ಕಡತ ಇನ್ನೂ ಮುಚ್ಚಿಲ್ಲ.

ಈ ಪೆರುವೊಳು, ಕಾವೇರಿ ಸೀಮೆಯವರ ಬಿಳಿಮೀನು, ಇಂಗ್ಲಿಷರ ಮಹಶೀರ್. ಅದರ ಎಳೆತದ ಮುಂದೆ ತಮ್ಮ ನಾಡಿನ ಸಾಲ್ಮನ್ ಕೂಡ ಸಪ್ಪೆ ಎಂದು ವಾದಿಸಿದವರು ಥಾಮಸ್. ಇದರ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆ ಬಿಗಿತಕ್ಕೆ ಸಿಕ್ಕಿದ ಕೊಕ್ಕೆ ಚಪ್ಪಟೆಯಾಗುತ್ತದೆ. ಹಾಗಾಗಿ ಯಾವ ಕೊಕ್ಕೆ, ಯಾವ ಎರೆ, ಯಾವ ಹೊತ್ತು ಎಂಬ ಚರ್ಚೆಗೆ ಅವರ ಪುಸ್ತಕದಲ್ಲಿ ಕೊನೆಯೇ ಇಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಹುಚ್ಚು ಗೊತ್ತಿರುವ ಕನ್ನಡ ಓದುಗರಿಗೆ ಈ ಬಗೆಯ ಚರ್ಚೆ ಹೊಸದೆನಿಸಲಾರದು.

ಹೊಳೆ ಸಿಗದವರಿಗೆಂದು ಥಾಮಸ್ 1887ರಲ್ಲಿ ಇನ್ನೊಂದು ಪುಸ್ತಕ ಬರೆದರು. ಅದು ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆ. ಅದಾಗಿ ನಾಲ್ಕು ವರ್ಷಕ್ಕೆ ಮುಂಬೈನಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಕೆರೆಯೊಂದು ತಯಾರಾಯಿತು. ಬೆಳೆಯುತ್ತಿದ್ದ ಮುಂಬೈಗೆ 1860ರ ವಿಹಾರ್, 1879ರ ತುಳಸಿ ಸಾಲದೆ ಹೋದಾಗ, ತಾನ್ಸಾ ನೀರು ಬರುವವರೆಗೆ ತಡೆಯಲಾರದೆ ತುರ್ತಾಗಿ ಕಟ್ಟಿದ್ದು ಪೊವಾಯಿ. ನೀರಿನ ಗುಣ ಚೆನ್ನಾಗಿಲ್ಲವೆಂದು ಕುಡಿಯುವ ನೀರಿನ ಯೋಜನೆ ಬೇಗನೆ ಮೂಲೆಗೆ ಬಿತ್ತು. ಮನುಷ್ಯರಿಗೆ ಒದಗದ ಕೆರೆ ಮೀನಿಗೆ ಒದಗಿತು. ಬಾಂಬೆ ಪ್ರೆಸಿಡೆನ್ಸಿ ಆಂಗ್ಲಿಂಗ್ ಅಸೋಸಿಯೇಷನ್ ಅಲ್ಲಿ ಬೀಡುಬಿಟ್ಟಿತು. ರಾಜ್ಯ ಬದಲಾದ ಮೇಲೆ ಅದೇ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಆಯಿತು. ರೋಹು, ಕಾಟ್ಲಾ, ಮೃಗಾಲ್ ಮರಿಗಳನ್ನು ತಂದು ಬಿಟ್ಟು ಬೆಳೆಸಿದರು. ಮೊಸಳೆಗಳೂ ಅಲ್ಲಿವೆ.

ಕಾಟ್ಲಾ, ರೋಹು ಪ್ಲಾಸ್ಟಿಕ್ ಹುಳಕ್ಕೆ ಮರುಳಾಗುವ ಜಾತಿಯಲ್ಲ. ಅವಕ್ಕೆ ಹಿಟ್ಟು, ಬ್ರೆಡ್ಡು, ಕಡಲೆಹಿಂಡಿ. ಹದ ಮಾಡುವ ಗುಟ್ಟನ್ನು ಹಳಬರು ಪಕ್ಕದ ಕುರ್ಚಿಯವನಿಗೂ ಬಿಟ್ಟುಕೊಡುವುದಿಲ್ಲ.

ಹಿಟ್ಟಿನ ಎರೆಗೆ ರಾಜಮರ್ಯಾದೆ ಸಿಕ್ಕಿದ್ದು ಮಾತ್ರ ಕಾವೇರಿಯಲ್ಲಿ. ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋ ತೂಗುವ ಬಿಳಿಮೀನು ಹಿಡಿದರು. ಆಮೇಲೆ ಮೀನು ಮುಗಿದೇ ಹೋಯಿತೆಂದು ಜನ ನಂಬಿದ್ದರು. 1977ರಲ್ಲಿ ಇಂಗ್ಲೆಂಡಿನಿಂದ ಬಂದ ತಂಡವೊಂದು ಕಾವೇರಿಯಲ್ಲಿ ಮತ್ತೆ ದೈತ್ಯಮೀನುಗಳನ್ನು ಎಳೆದು ತೋರಿಸಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳು ಜಗತ್ತಿಗೆ ಪರಿಚಯವಾದವು. ದುಬಾರಿ ರೀಲು ಹೊತ್ತು ಬಂದ ವಿದೇಶಿಯರ ಕೊಕ್ಕೆಗೆ ಅಲ್ಲಿನ ಹುಡುಗರು ಮೆತ್ತುತ್ತಿದ್ದದ್ದು ರಾಗಿಮುದ್ದೆ! ಕಲಸಿ, ಕಿತ್ತಳೆ ಗಾತ್ರಕ್ಕೆ ಉಂಡೆ ಕಟ್ಟಿ, ಬೇಯಿಸಿ ಗಟ್ಟಿ ಮಾಡಿದ್ದು. ಸಣ್ಣ ಮೀನು ಕುಕ್ಕಿದರೆ ಉದುರಬಾರದು, ದೊಡ್ಡದು ನುಂಗಿದಾಗ ಕೊಕ್ಕೆ ಅಡ್ಡವಾಗಬಾರದು. ಹಿಂದೆ ಸಿಡಿಮದ್ದು ಎಸೆಯುತ್ತಿದ್ದವರಲ್ಲೇ ಕೆಲವರು ಮುಂದೆ ಗಾಳದವರಿಗೆ ದಾರಿ ತೋರಿಸುವವರಾದರು.

ಈ ಕಥೆಗೆ ಮುಂಬೈ ಕಡೆಯಿಂದ ಒಂದು ಕೊಂಡಿ ಇದೆ, ಅದು ಸಿಹಿಯಾದದ್ದಲ್ಲ. ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ಬಳಿ ಮಹಶೀರ್ ಮರಿ ಮಾಡುವ ಕೆಲಸ 1970ರ ಹೊತ್ತಿಗೆ ಕೈಗೂಡಿತ್ತು. ಸದುದ್ದೇಶದಿಂದಲೇ ಆ ನೀಲಿರೆಕ್ಕೆಯ ಜಾತಿಯ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಬಂದವು ಹೆಚ್ಚಿದವು. ಕಾವೇರಿಯದೇ ಆದ ಡುಬ್ಬದ ಬಿಳಿಮೀನು ಕರಗುತ್ತ ಹೋಯಿತು. ಇದು ಬಯಲಾದದ್ದು ಗಾಲಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಿಂದ. 2018ರಲ್ಲಿ ವಿಜ್ಞಾನಿಗಳು ಡುಬ್ಬದ ಬಿಳಿಮೀನನ್ನು ಟಾರ್ ರೆಮಾದೇವಿ ಎಂದು ಗುರುತಿಸುವಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದು ಶಿಬಿರಗಳ ಗಾಳ ಅಷ್ಟರಲ್ಲಿ ನಿಂತಿತ್ತು. ಅಲ್ಲಿಗೆ ಲೆಕ್ಕ ಬರೆಯುವವರೂ ಇಲ್ಲವಾದರು.

ಇನ್ನು ಅಕ್ರಾನ್. ಅಮೆರಿಕದ ಒಹಾಯೊ ಸಂಸ್ಥಾನದ ಈ ಊರು ಟೈರುಗಳ ರಾಜಧಾನಿಯಾಗಿತ್ತು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಎಲ್ಲವೂ ಅಲ್ಲಿಯವೇ. 1926ರಲ್ಲಿ ಗುಡ್‌ರಿಚ್‌ನ ರಸಾಯನ ವಿಜ್ಞಾನಿ ವಾಲ್ಡೋ ಸೆಮನ್ ಲೋಹಕ್ಕೆ ರಬ್ಬರ್ ಅಂಟಿಸುವ ಗೋಂದು ಹುಡುಕುತ್ತಿದ್ದರು. ಯಾರಿಗೂ ಬೇಡವಾಗಿದ್ದ ಪಿವಿಸಿಯನ್ನು ದ್ರಾವಕದಲ್ಲಿ ಕಾಯಿಸಿದರು. ಗೋಂದು ಸಿಗಲಿಲ್ಲ. ಬಾಂಬೆ ಹಲ್ವಾದಂತೆ ಬಳುಕುವ ಒಂದು ಮುದ್ದೆ ಸಿಕ್ಕಿತು. ಮೆತ್ತನೆಯ ಪಿವಿಸಿ ಹುಟ್ಟಿದ್ದು ಹಾಗೆ.

1949ರಲ್ಲಿ ಅದೇ ಊರಿನ ನಿಕ್ ಕ್ರೀಮ್ ಎಂಬ ಗಾಳಪ್ರೇಮಿ, ಹೆಂಡತಿ ಕಾಸ್ಮಾ ಜೊತೆಗೆ, ಮನೆಯ ಅಡುಗೆಮನೆಯಲ್ಲಿ ಒಲೆ ಹಚ್ಚಿದರು. ನಿಜವಾದ ಎರೆಹುಳದಿಂದ ಅಚ್ಚು ತೆಗೆದು, ವಿನೈಲ್, ಎಣ್ಣೆ, ಬಣ್ಣ ಕಾಯಿಸಿ ಹೊಯ್ದರು. ಎರಡು ವರ್ಷದಲ್ಲಿ ಅದು ಡಾಲರಿಗೆ ಐದರಂತೆ ಅಂಚೆಯಲ್ಲಿ ಮಾರಾಟವಾಗುತ್ತಿತ್ತು. ಅಮೆರಿಕದ ಗಾಳಗಾರರ ಪ್ರಾಣವಾದ ಬಾಸ್ ಮೀನು ಅಗಲ ಬಾಯಿ ತೆರೆದು ಬೇಟೆಯನ್ನು ನೀರಿನ ಸಮೇತ ಹೀರಿಕೊಳ್ಳುತ್ತದೆ. ಮರದ್ದೋ ತಗಡಿನದ್ದೋ ಆದರೆ ಗಟ್ಟಿ ತಗುಲಿದ ಕೂಡಲೇ ಉಗಿದುಬಿಡುತ್ತದೆ. ಮೆತ್ತನೆಯ ಹುಳವನ್ನು ಒಂದೆರಡು ಕ್ಷಣ ಹೆಚ್ಚು ಬಾಯಲ್ಲಿಟ್ಟುಕೊಳ್ಳುತ್ತದೆ. ಗಾಳ ಜಗ್ಗಲು ಅಷ್ಟು ಸಾಕು.

ಕ್ರೀಮ್ ಮುಂದೆ ವ್ಯಾಪಾರವನ್ನು ಟೆಕ್ಸಸ್‌ನ ಟೈಲರ್‌ಗೆ ಒಯ್ದರು. ಅಲ್ಲಿನ ಹೊಸ ಜಲಾಶಯಗಳ ತುಂಬ ಮುಳುಗಿದ ಮರ. ಬಿಚ್ಚುಕೊಕ್ಕೆ ಹಾಕಿದರೆ ಹತ್ತು ಸಲಕ್ಕೆ ಎಂಟು ಸಲ ಕೊಂಬೆಗೇ ಸಿಗುತ್ತದೆ. ಆಗ ಗಾಳಗಾರರು ಕೊಕ್ಕೆಯ ಮೊನೆಯನ್ನು ತಿರುಗಿಸಿ ಹುಳದ ಮೈಯೊಳಗೇ ಹುದುಗಿಸಿದರು, ದಾರಕ್ಕೆ ಗುಂಡಿನಾಕಾರದ ಜಾರು ಸೀಸ ಪೋಣಿಸಿದರು. ಈಗ ಜಗತ್ತೆಲ್ಲ ಟೆಕ್ಸಸ್ ರಿಗ್ ಎನ್ನುವ ಈ ಕಟ್ಟಿನ ಹಿಂದಿರುವುದು ಕೊಂಬೆಗೆ ಕೊಕ್ಕೆ ಕಳಕೊಂಡು ಬೇಸತ್ತವರ ಸಿಟ್ಟು.

ಪೊವಾಯಿಯಲ್ಲಿ ಆ ಬಾಸ್ ಇಲ್ಲ. ಇರುವುದು ಅಂತರಗಂಗೆ. ಆದರೆ ಟೆಕ್ಸಸ್‌ನ ಉಪಾಯಕ್ಕೆ ಕಸ ಎಲ್ಲಿಯದಾದರೇನು? ಮೊದಮೊದಲು ಹೊರದೇಶದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ, ಆಮೇಲೆ ಆನ್‌ಲೈನ್ ಅಂಗಡಿಗಳ ಡಬ್ಬಿಯಲ್ಲಿ ಬಂದ ಮೆತ್ತನೆಯ ಎರೆಗಳಿಗೆ ನಮ್ಮ ಕಡೆ ಸಿಕ್ಕ ದೊಡ್ಡ ಗಿರಾಕಿ ಕೊರವ ಮೀನು. ಅದಕ್ಕೆ ಹುಳಕ್ಕಿಂತ ಟೊಳ್ಳು ಕಪ್ಪೆ ವಾಸಿ. ಅಂಗೈಗೆ ಹಗುರಾದ ಈ ಪ್ಲಾಸ್ಟಿಕ್ ಕಪ್ಪೆಯ ಬೆನ್ನಿಗೆ ಎರಡು ಕೊಕ್ಕೆಗಳು ಒತ್ತಿಕೊಂಡು ಕೂತಿರುತ್ತವೆ. ಎಲೆಗಳ ಮೇಲೆ ಎಳೆದರೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ ಟೊಳ್ಳು ಅಮುಕಿದಾಗ ಮಾತ್ರ ಮೊನೆ ಹೊರಬರುತ್ತದೆ.

ಪೂರ್ವದ ಖಾಡಿಯಲ್ಲಿ ಬಾಸ್ ಎಂಬ ಹೆಸರು ಹೊತ್ತ ಮೀನೊಂದಿದೆ. ಮರಾಠಿಗರ ಜಿತಾಡಾ, ಗೋವೆಯ ಚೊಣಕ್, ಪುಸ್ತಕಗಳ ಏಷ್ಯನ್ ಸೀಬಾಸ್. ಹುಟ್ಟುವಾಗ ಗಂಡು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಉಬ್ಬರದಲ್ಲಿ ಕಾಂಡ್ಲಾ ಬೇರುಗಳ ಸಂದಿಗೆ ಬಂದು ಹೊಂಚು ಹಾಕುತ್ತದೆ, ಬಾಸ್‌ನಂತೆಯೇ ಬಾಯಗಲಿಸಿ ಹೀರುತ್ತದೆ. ಅಗಲ ಬಾಲದ ಮೆತ್ತನೆಯ ಎರೆ ಇದಕ್ಕೆ ಒಪ್ಪುತ್ತದೆ. ಆದರೆ ಎರೆ ಎಷ್ಟು ಚೆನ್ನಾಗಿದ್ದರೇನು, ನೀರು ಹಾಗಿರಬೇಕಲ್ಲ. ಖಾಡಿಯ ಆಚೆ ದಡದಲ್ಲಿ 1960ರ ದಶಕದಿಂದ ಸಾಲುಗಟ್ಟಿದ ಕಾರ್ಖಾನೆಗಳು, ಈಚೆ ದಡದಿಂದ ಬರುವ ನಗರದ ಕೊಳಚೆ, ಎರಡರ ನಡುವೆ ಇಲ್ಲಿನ ಕೋಳಿ ಸಮುದಾಯದ ಮೀನುಗಾರರ ಬಲೆ ವರ್ಷವರ್ಷಕ್ಕೆ ಹಗುರವಾಯಿತು. 2015ರಲ್ಲಿ ಖಾಡಿಯ ಒಂದು ಭಾಗ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣದ ಪಟ್ಟವೂ ಬಂತು. ಭಾಂಡುಪ್ ಪಂಪಿಂಗ್ ಸ್ಟೇಷನ್ ಬಳಿ ಚಳಿಗಾಲದಲ್ಲಿ ಕ್ಯಾಮೆರಾಗಳ ಸಾಲು ಕಾಣುತ್ತದೆ. ಹಕ್ಕಿಗೆ ಸಿಕ್ಕ ಮರ್ಯಾದೆ ಮೀನಿಗೆ ಸಿಕ್ಕಿಲ್ಲ.

ಪೊವಾಯಿಗೂ ಅಷ್ಟೇ. ಕೊಳಚೆ, ಹೂಳು, ಅಂತರಗಂಗೆಯ ಬಗ್ಗೆ ದಶಕಗಳಿಂದ ಕೂಗಿದ್ದು ಕೇಳಿಸದ ಪಾಲಿಕೆಗೆ ಕೆರೆಯ ಸುತ್ತ ಸೈಕಲ್ ದಾರಿ ಹಾಕುವ ಉತ್ಸಾಹ ಮಾತ್ರ ಬಂತು. 2022ರ ಮೇ 6ರಂದು ಬಾಂಬೆ ಹೈಕೋರ್ಟ್ ಅದು ಅಕ್ರಮ ಎಂದಿತು.

ಹರಿದ ಪ್ಲಾಸ್ಟಿಕ್ ಹುಳ ನೀರಿನಲ್ಲಿ ಕರಗುವುದಿಲ್ಲ. ನುಂಗಿದ ಮೀನಿನ ಹೊಟ್ಟೆಯಲ್ಲೂ ಕರಗುವುದಿಲ್ಲ. ರಾಗಿಮುದ್ದೆಗೆ ಆ ದೋಷವಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕೊರವ ಮೀನಿನದು. ಮೊಟ್ಟೆಯಿಟ್ಟ ಮೇಲೆ ಅದು ಮರಿಗಳ ಕೆಂಪು ಗುಂಪನ್ನು ಕಾಯುತ್ತ ಮೇಲ್ನೀರಿನಲ್ಲೇ ಇರುತ್ತದೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಸಿಟ್ಟಿಗೆ ಕಚ್ಚುತ್ತದೆ, ಹಸಿವಿಗಲ್ಲ. ತಾಯಿ ಅಥವಾ ತಂದೆ ಮೇಲೆ ಬಂತೆಂದರೆ ಮರಿಗಳು ಬೇರೆ ಮೀನುಗಳ ಪಾಲು. ಅದನ್ನು ಹಿಡಿದು ಫೋಟೊ ತೆಗೆಸಿಕೊಳ್ಳುವುದರಲ್ಲಿ ಯಾವ ಚಾಕಚಕ್ಯವೂ ಇಲ್ಲ. ಭಾಂಡುಪ್‌ನವರೇ ಆಗಲಿ, ಬಂಟ್ವಾಳದವರೇ ಆಗಲಿ, ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ದಯವಿಟ್ಟು ರೀಲು ಸುತ್ತಿಕೊಂಡು ಬೇರೆ ಕಡೆ ಹೋಗಿ. ಹರಿದ ಹುಳವನ್ನು ನೀರಿಗೆ ಬಿಡದೆ ಜೇಬಿಗೆ ಹಾಕಿಕೊಳ್ಳಿ.